ರೈಲು ಯಾರದಾದರೂ ಇರಲಿ, ಕೇಳುವುದು ಯಾರನ್ನು?

ನಾನು ಕೆಲಸಕ್ಕೆ ಹೋಗಿಬರುವ ಲಂಡನ್ನಿನ ಎಲಿಜಬೆತ್ ಲೈನ್ ರೈಲನ್ನು ಓಡಿಸುವ ಕಂಪನಿ 2025ರ ಮೇ ತಿಂಗಳ ಕೊನೆಯಲ್ಲಿ ಬದಲಾಯಿತು. ಅಲ್ಲಿಯವರೆಗೆ ಹಾಂಗ್‌ಕಾಂಗಿನ ಎಂಟಿಆರ್ ರೈಲ್ವೆ ಸಂಸ್ಥೆ ಓಡಿಸುತ್ತಿತ್ತು. ಅದರ ಗುತ್ತಿಗೆ ಮುಗಿದ ಮೇಲೆ ಗೋ-ಅಹೆಡ್, ಟೋಕಿಯೊ ಮೆಟ್ರೊ, ಸುಮಿಟೊಮೊ ಮೂರೂ ಸೇರಿ ಮಾಡಿಕೊಂಡ ಜಿಟಿಎಸ್ ಎಂಬ ಕೂಟ ಬಂತು. ಈ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಎಲ್ಲ ಮುಗಿದ ಎಷ್ಟೋ ದಿನದ ಮೇಲೆ, ಆಫೀಸಿನಲ್ಲಿ ಯಾರೋ ಕಾಫಿ ಹೊತ್ತಿನಲ್ಲಿ ಹೇಳಿದಾಗ. ಚಾಲಕರಿಗೆ ಸಂಬಳ ಕೊಡುವ ಕೈಯೇ ಬದಲಾಗಿದ್ದರೂ ರೈಲಿನ ನೇರಳೆ ಬಣ್ಣ ಅದೇ, ವೇಳಾಪಟ್ಟಿ ಅದೇ, ಕಾರ್ಡು ಅದೇ, ದೂರು ಕೊಡುವ ಜಾಗವೂ ಅದೇ. ಒಂದು ದೊಡ್ಡ ನಗರದ ಮುಖ್ಯ ರೈಲುದಾರಿಯ ಉಸ್ತುವಾರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು, ಹತ್ತಿ ಇಳಿಯುವವರಿಗೆ ಅದರ ಸುಳಿವೂ ಸಿಗಲಿಲ್ಲ. ನನಗೆ ನಿಜಕ್ಕೂ ಸಂತೋಷವಾಯಿತು. ಅದರ ಬೆನ್ನಿಗೇ ಬೆಂಗಳೂರು ನೆನಪಾಗಿ ಹೊಟ್ಟೆಯೊಳಗೆ ಸಣ್ಣ ಸಂಕಟವೂ ಆಯಿತು.

ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ, ಸ್ಲೌನಲ್ಲಿ. ಅಲ್ಲಿಂದ ಲಿವರ್‌ಪೂಲ್ ಸ್ಟ್ರೀಟಿಗೆ ಒಂದೇ ರೈಲು. ಆ ಒಂದೇ ರೈಲಿನ ಹಿಂದೆ ಎಷ್ಟು ಜನ ಇದ್ದಾರೆ ಎಂದು ಕುತೂಹಲಕ್ಕೆ ಬಿಡಿಸಿ ನೋಡಿದೆ. ನಾನು ಹತ್ತುವ ಸ್ಟೇಷನ್ನನ್ನು ನೋಡಿಕೊಳ್ಳುವುದು ಗ್ರೇಟ್ ವೆಸ್ಟರ್ನ್ ರೈಲ್ವೆ. ಅಲ್ಲಿಂದ ಪ್ಯಾಡಿಂಗ್ಟನ್‌ವರೆಗಿನ ಹಳಿ ದೇಶದ ಹಳಿಗಳನ್ನೆಲ್ಲ ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಎಂಬ ಸರ್ಕಾರಿ ಸಂಸ್ಥೆಯದು. ಪ್ಯಾಡಿಂಗ್ಟನ್ ದಾಟಿ ಸುರಂಗಕ್ಕೆ ಇಳಿದರೆ ಅದು ಲಂಡನ್ ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನದು. ಹೀಥ್ರೊ ಕಡೆಗೆ ಕವಲೊಡೆಯುವ ಹಳಿ ವಿಮಾನ ನಿಲ್ದಾಣದ ಕಂಪನಿಯ ಸ್ವಂತದ್ದು. ಈ ದಾರಿಯ ಉದ್ದಕ್ಕೂ ಸಿಗ್ನಲ್ ವ್ಯವಸ್ಥೆಯೇ ಮೂರು ಬಗೆಯದು, ರೈಲು ಓಡುತ್ತಲೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತದೆ. ಗಾಡಿಗಳನ್ನು ಡರ್ಬಿಯಲ್ಲಿ ಕಟ್ಟಿದ್ದು ಬೊಂಬಾರ್ಡಿಯರ್, ಈಗ ರಿಪೇರಿ ನೋಡಿಕೊಳ್ಳುವುದು ಅದನ್ನು ಕೊಂಡ ಆಲ್‌ಸ್ಟಾಮ್. ಆ ಗಾಡಿಗಳನ್ನೂ ನಗರ ಮಾರಿ ವಾಪಸ್ ಬಾಡಿಗೆಗೆ ತೆಗೆದುಕೊಂಡಿದೆ. ಇಷ್ಟೆಲ್ಲ ಆದಮೇಲೆ ಓಡಿಸುವವರು ಬೇರೆಯೇ ಒಬ್ಬರು. ಲೆಕ್ಕ ಹಾಕಿದರೆ ನಮ್ಮ ಬೆಂಗಳೂರಿಗಿಂತ ಹೆಚ್ಚು ಯಜಮಾನರು ಇಲ್ಲೇ ಇದ್ದಾರೆ.

ಆದರೆ ನಮ್ಮ ಕಡೆ ಮದುವೆಮನೆಯಲ್ಲಿ ಹೇಗೋ ಹಾಗೆ. ಛತ್ರ ಒಬ್ಬರದು, ಅಡುಗೆ ಭಟ್ಟರದು, ಓಲಗದವರು ಬೇರೆ, ಮಂಟಪ ಕಟ್ಟುವವರು ಬೇರೆ, ಎಲೆ ಎತ್ತುವವರು ಇನ್ನೊಬ್ಬ ಮೇಸ್ತ್ರಿಯ ಕಡೆಯವರು. ಸಾರಿನಲ್ಲಿ ಉಪ್ಪು ಕಡಿಮೆಯಾದರೆ ಮಾತ್ರ ಬಂದ ನೆಂಟರೆಲ್ಲ ನೋಡುವುದು ಬಾಗಿಲಲ್ಲಿ ಕೈಮುಗಿದು ನಿಂತ ಹೆಣ್ಣಿನ ತಂದೆಯ ಮುಖವನ್ನು. ಆತ ಭಟ್ಟರನ್ನು ತೋರಿಸಿ ಪಾರಾಗುವುದಿಲ್ಲ, ಕೂತ ಪಂಕ್ತಿಯ ಮುಂದೆ ಬಂದು ನಿಲ್ಲುತ್ತಾನೆ. ಭಟ್ಟರ ಲೆಕ್ಕ ಆಮೇಲೆ ಒಳಗೆ. ಲಂಡನ್ನಿನಲ್ಲಿ ಹಾಗೆ ಬಾಗಿಲಲ್ಲಿ ನಿಂತಿರುವುದು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಅದರ ತಲೆಯ ಮೇಲೆ ಮೇಯರ್.

ಒಳಗಿನ ಲೆಕ್ಕವೂ ಅಚ್ಚುಕಟ್ಟು. ಟಿಕೆಟ್ಟಿನ ದುಡ್ಡು ಓಡಿಸುವ ಕಂಪನಿಯ ಜೇಬಿಗೆ ಹೋಗುವುದಿಲ್ಲ, ನಗರದ ಸಂಸ್ಥೆಗೆ ಹೋಗುತ್ತದೆ. ಕಂಪನಿಗೆ ಸಿಗುವುದು ಓಡಿಸಿದ್ದಕ್ಕೆ ಕೂಲಿ. ರೈಲು ಹೊತ್ತಿಗೆ ಬಂದರೆ ಆ ಕೂಲಿ ಏರುತ್ತದೆ, ಕೆಟ್ಟರೆ ಕಡಿತವಾಗುತ್ತದೆ. ಯಾವ ರೈಲು ಎಷ್ಟು ಹೊತ್ತಿಗೊಂದು ಇರಬೇಕು, ದರ ಎಷ್ಟು, ಬೋರ್ಡಿನ ಅಕ್ಷರ ಯಾವುದು ಎಂಬುದನ್ನೆಲ್ಲ ನಿರ್ಧರಿಸುವುದು ನಗರ. ಇಲ್ಲಿಯ ರಾಷ್ಟ್ರೀಯ ಹಳಿಗಳ ಮೇಲೆ ರೈಲು ಮೂರು ನಿಮಿಷ ತಡವಾದರೂ ಆ ತಡ ಯಾರ ಖಾತೆಗೆ ಎಂದು ಬರೆಯುತ್ತಾರೆ: ಹಳಿಯವರದೋ, ಗಾಡಿಯವರದೋ, ಮುಂದೆ ಸಿಕ್ಕಿಕೊಂಡ ಇನ್ನೊಂದು ಕಂಪನಿಯದೋ. ಅದನ್ನೇ ಕೆಲಸ ಮಾಡಿಕೊಂಡವರು ಇದ್ದಾರೆ, ವಾದ ನಡೆಯುತ್ತದೆ, ದುಡ್ಡು ಕೈ ಬದಲಾಯಿಸುತ್ತದೆ. ಆ ಜಗಳ ಪ್ಲಾಟ್‌ಫಾರ್ಮಿಗೆ ಬರುವುದಿಲ್ಲ. ಎಲಿಜಬೆತ್ ಲೈನಿನಲ್ಲಿ ಅರ್ಧ ಗಂಟೆ ತಡವಾದರೆ ನಾನು ಅರ್ಜಿ ಹಾಕುವುದು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ಗೆ. ಹಳಿ ಯಾರದು ಎಂದು ನಾನು ತಿಳಿದುಕೊಂಡಿರಬೇಕಾಗಿಲ್ಲ.

ದರದ ವಿಷಯದಲ್ಲಂತೂ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 2016ರಲ್ಲಿ ಮೇಯರ್ ಆದ ಸಾದಿಕ್ ಖಾನ್ ತಮ್ಮ ಸಂಸ್ಥೆಯ ದರಗಳನ್ನು ನಾಲ್ಕು ವರ್ಷ ಏರಿಸುವುದಿಲ್ಲ ಎಂದು ಚುನಾವಣೆಯಲ್ಲಿ ಹೇಳಿದರು, ಹಾಗೇ ನಡೆದುಕೊಂಡರು. ಅದರಿಂದ ಸಂಸ್ಥೆಯ ಬೊಕ್ಕಸಕ್ಕೆ ಪೆಟ್ಟಾಯಿತು ಎಂದು ಬೈದವರೂ ಅವರನ್ನೇ ಬೈದರು. 2025ರ ಮಾರ್ಚಿನಲ್ಲಿ ಟ್ಯೂಬ್ ಎಂದು ಕರೆಯುವ ಇಲ್ಲಿಯ ಮೆಟ್ರೊದ ದರ ಶೇ 4.6 ಏರಿತು, ಬಸ್ಸಿನ ದರ 1.75 ಪೌಂಡಿನಲ್ಲೇ ನಿಂತಿತು. ಎರಡನ್ನೂ ಮಾಡಿದ್ದು ಮೇಯರ್ ಎಂದು ಪತ್ರಿಕೆಗಳು ಬರೆದವು, ಮೇಯರೂ ಹೌದು ಎಂದರು. ಒಪ್ಪುವುದು ಬಿಡುವುದು ಜನರಿಗೆ ಬಿಟ್ಟದ್ದು, ಆದರೆ ಒಂದು ಮುಖ ಇದೆ, ಆ ಮುಖ ನಾಲ್ಕು ವರ್ಷಕ್ಕೊಮ್ಮೆ ಮತ ಕೇಳಲು ಬರುತ್ತದೆ.

ಈಗ ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆದದ್ದನ್ನು ನೋಡಿ. ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ನನ್ನ ಅಕ್ಕ ಕೆಂಗೇರಿ ಉಪನಗರದಿಂದ ಇಂದಿರಾನಗರಕ್ಕೆ ಮೆಟ್ರೊದಲ್ಲೇ ಓಡಾಡುವವಳು. ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಭಾವ ರಾಜ್ಯ ಸರ್ಕಾರವನ್ನು ಬೈದರು, ಚಿಕ್ಕಪ್ಪ ಕೇಂದ್ರವನ್ನು ಬೈದರು, ತಮ್ಮ ಅಧಿಕಾರಿಗಳನ್ನು ಬೈದ. ಅಕ್ಕ ಕೊನೆಗೆ ಒಂದೇ ಸಾಲು ಬರೆದಳು: "ಯಾರಾದರೂ ಸರಿ, ಏರಿಸಿದ್ದು ಯಾರು ಅಂತ ಹೇಳ್ರೋ, ಅವರಿಗೊಂದು ಕಾಗದ ಹಾಕ್ತೀನಿ." ಉತ್ತರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅವರ ತಪ್ಪೂ ಅಲ್ಲ.

ಏಕೆಂದರೆ ಕಾಯ್ದೆಯನ್ನು ತೆಗೆದು ನೋಡಿದರೂ ಒಂದು ಹೆಸರು ಸಿಗುವುದಿಲ್ಲ. ನಮ್ಮ ಮೆಟ್ರೊವನ್ನು ಕಟ್ಟಿ ಓಡಿಸುವ ಬಿಎಂಆರ್‌ಸಿಎಲ್ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅರ್ಧರ್ಧ ಪಾಲಿನ ಕಂಪನಿ. ಅದರ ಅಧ್ಯಕ್ಷರು ದೆಹಲಿಯಲ್ಲಿ ಕೂರುವ ಕೇಂದ್ರ ನಗರಾಭಿವೃದ್ಧಿ ಇಲಾಖೆಯ ಕಾರ್ಯದರ್ಶಿ, ವ್ಯವಸ್ಥಾಪಕ ನಿರ್ದೇಶಕರು ರಾಜ್ಯದ ಕಡೆಯಿಂದ ಬರುವ ಅಧಿಕಾರಿ. ದರ ನಿಗದಿಗೆ 2002ರ ಕೇಂದ್ರದ ಮೆಟ್ರೊ ಕಾಯ್ದೆಯಂತೆ ಒಂದು ಸಮಿತಿ ಆಗಬೇಕು. ಹೈಕೋರ್ಟ್ ನ್ಯಾಯಮೂರ್ತಿಯಾಗಿರುವವರೋ ಆಗಿದ್ದವರೋ ಅದಕ್ಕೆ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು, ರಾಜ್ಯದಿಂದ ಒಬ್ಬರು ಸದಸ್ಯರು. ನೇಮಿಸುವುದು ಕೇಂದ್ರ, ಬೇಕೆಂದು ಕೇಳುವುದು ಮೆಟ್ರೊ ಕಂಪನಿ, ಸಮಿತಿ ಹೇಳಿದ್ದನ್ನು ಮೆಟ್ರೊ ಪಾಲಿಸಲೇಬೇಕು ಎನ್ನುತ್ತದೆ ಕಾಯ್ದೆ. ಹಾಗಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರದತ್ತ ಕೈ ತೋರಿಸಿದಾಗ ಅದರಲ್ಲಿ ಸತ್ಯವಿತ್ತು. ಕೇಂದ್ರದ ಕಡೆಯವರು ರಾಜ್ಯದತ್ತ ತೋರಿಸಿದಾಗಲೂ ಸತ್ಯವಿತ್ತು. ಕಂಪನಿ ಸಮಿತಿಯನ್ನು ತೋರಿಸಿತು, ಅದೂ ಸತ್ಯ. ಸಮಿತಿ ತನ್ನ ವರದಿ ಕೊಟ್ಟು ಹೋಗಿತ್ತು. ಕೂಗು ಜೋರಾದ ಮೇಲೆ ಕೆಲವು ಹಂತಗಳ ದರವನ್ನು ಒಂದಿಷ್ಟು ಇಳಿಸಿದರು, ಆದರೆ 90 ಮಾತ್ರ 90 ಆಗಿಯೇ ಉಳಿಯಿತು. ಎಲ್ಲರೂ ನಿಜ ಹೇಳುತ್ತಿದ್ದರೂ ಯಾರೂ ಹೊಣೆ ಹೊರದ ಇಂಥ ಏರ್ಪಾಡನ್ನು ನಾವು ಎಷ್ಟು ಸಹಜವಾಗಿ ತೆಗೆದುಕೊಂಡುಬಿಟ್ಟಿದ್ದೇವೆ ಎಂಬುದು ನನ್ನನ್ನು ಕಾಡುತ್ತದೆ.

ಕಳೆದ ಸಲ ಊರಿಗೆ ಹೋದಾಗಿನ ಒಂದು ಮಾತು ಹೇಳುತ್ತೇನೆ. ರೈಲಿನಿಂದ ಇಳಿದು ಮೆಟ್ರೊಗೆ ಹೋಗುವ ಒಂದು ಜಾಗ, ಯಾವುದು ಎಂಬುದು ಮುಖ್ಯವಲ್ಲ. ಅಮ್ಮನಿಗೆ ಮಂಡಿನೋವು. ಎಸ್ಕಲೇಟರ್ ನಿಂತಿತ್ತು. ಈ ಬದಿಯ ಕೌಂಟರಿನಲ್ಲಿ ಕೇಳಿದೆ. "ಅದು ನಮಗೆ ಬರಲ್ಲ ಸಾರ್, ಆ ಕಡೆಯವರದು" ಎಂದರು. ಆ ಕಡೆ ಹೋಗಿ ಕೇಳಿದೆ. "ಮೆಟ್ಟಿಲಿನವರೆಗೆ ಮಾತ್ರ ನಮ್ದು, ಅಲ್ಲಿಂದಾಚೆ ಅವರ್ದು" ಎಂದರು. ಇಬ್ಬರೂ ವಿನಯದಿಂದಲೇ ಮಾತಾಡಿದರು, ಒಬ್ಬ ಹುಡುಗನಂತೂ ತಾನೇ ಅಮ್ಮನ ಬ್ಯಾಗು ಹಿಡಿದುಕೊಂಡು ಮೇಲೆ ತಂದುಕೊಟ್ಟ. ಮನುಷ್ಯರಲ್ಲಿ ಕೊರತೆ ಇರಲಿಲ್ಲ. ಆ ಹುಡುಗನ ಒಳ್ಳೆಯತನವನ್ನು ನಂಬಿಕೊಂಡು ಒಂದೂವರೆ ಕೋಟಿ ಹತ್ತಿರದ ಜನಸಂಖ್ಯೆಯ ಊರು ನಡೆಯುತ್ತಿದೆಯಲ್ಲ ಎಂದು ಸಿಟ್ಟು ಬಂತು.

ಎರಡು ಸಂಸ್ಥೆಗಳು ಮುಟ್ಟಿಕೊಳ್ಳುವ ಜಾಗದಲ್ಲೇ ಬೆಂಗಳೂರು ಸಿಕ್ಕಿಕೊಳ್ಳುತ್ತದೆ. 2022ರ ಜೂನಿನಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ಶುರುವಾಯಿತು. ಹವಾನಿಯಂತ್ರಿತ, ವಿಮಾನ ನಿಲ್ದಾಣದ ಮಾದರಿಯ ಕಟ್ಟಡ, ನಮ್ಮ ಊರಿನ ಹೆಮ್ಮೆ. ಬೈಯಪ್ಪನಹಳ್ಳಿ ಹೆಸರಿನ ಮೆಟ್ರೊ ನಿಲ್ದಾಣ 2011ರಿಂದಲೂ ಇದೆ. ಎರಡೂ ಬೈಯಪ್ಪನಹಳ್ಳಿಯೇ, ಆದರೆ ರಾತ್ರಿ ರೈಲಿಳಿದವರು ಮಕ್ಕಳು ಮರಿ, ಲಗೇಜು ಸಮೇತ ಇಲ್ಲಿಂದ ಅಲ್ಲಿಗೆ ಹೋಗಲು ಆಟೊದವರ ಜೊತೆ ಚೌಕಾಸಿ ಮಾಡಬೇಕು. ಟರ್ಮಿನಲ್ ಕಟ್ಟಿದ್ದು ರೈಲ್ವೆ, ಮೆಟ್ರೊ ಕಟ್ಟಿದ್ದು ಬಿಎಂಆರ್‌ಸಿಎಲ್, ನಡುವಿನ ರಸ್ತೆ ಪಾಲಿಕೆಯದು, ಬಸ್ಸು ಬಿಎಂಟಿಸಿಯದು. ನಾಲ್ವರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಪ್ರಯಾಣಿಕನ ಪೂರ್ತಿ ಪ್ರಯಾಣ ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

2023ರಲ್ಲಿ ಇನ್ನೊಂದನ್ನು ನೋಡಿದೆವು. ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಓಡಿತು. ಅತ್ತ ಬೈಯಪ್ಪನಹಳ್ಳಿಯವರೆಗೆ ಮೊದಲೇ ಓಡುತ್ತಿತ್ತು. ನಡುವೆ ಎರಡು ಕಿಲೋಮೀಟರ್ ಮಾತ್ರ ಬಾಕಿ. ಅಲ್ಲಿ ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿಯ ಮೇಲೆ ಉಕ್ಕಿನ ಗರ್ಡರ್ ಕೂರಿಸಬೇಕಿತ್ತು. ಅದು ಮುಗಿದು ಎರಡೂ ತುದಿ ಕೂಡಿದ್ದು ಅಕ್ಟೋಬರಿನಲ್ಲಿ. ಅಷ್ಟು ತಿಂಗಳು ಜನ ಒಂದು ಮೆಟ್ರೊದಿಂದ ಇಳಿದು, ಬಸ್ಸು ಹತ್ತಿ, ಇನ್ನೊಂದು ಮೆಟ್ರೊ ಹತ್ತಿದರು. ಇನ್ನು ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಹಳಿ, ನಿಲ್ದಾಣ ಸಿದ್ಧವಾದ ಮೇಲೂ ಗಾಡಿಗಳಿಲ್ಲದೆ ಕಾಯಿತು. ಚೀನಾದ ಕಂಪನಿಗೆ 2019ರಲ್ಲಿ ಕೊಟ್ಟ ಗುತ್ತಿಗೆ, ಇಲ್ಲಿ ಅದರ ಜೊತೆಗೂಡಿ ಗಾಡಿ ಕಟ್ಟಬೇಕಿದ್ದ ಟಿಟಾಗಢ, ಎಂಜಿನಿಯರುಗಳ ವೀಸಾ, ಎಲ್ಲ ಒಂದರ ಹಿಂದೊಂದು. ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ದಿನಾ ಕೂತ ಜನರಿಗೆ ಆ ಕಾಯುವಿಕೆಯ ಅರ್ಥ ಗೊತ್ತು. ಅಷ್ಟು ಕಾಲ ಅವರು ಕೇಳಬೇಕಿದ್ದುದು ಯಾರನ್ನು? ವೀಸಾ ಕೊಡುವುದು ದೆಹಲಿ, ಗುತ್ತಿಗೆ ಕೊಟ್ಟದ್ದು ಕಂಪನಿ.

ಉಪನಗರ ರೈಲಿನ ಕಥೆಗೆ ಬಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. 1980ರ ದಶಕದಿಂದ ಕೇಳಿಕೊಂಡು ಬಂದ ಬೇಡಿಕೆ. 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು: 148 ಕಿಲೋಮೀಟರ್, ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. 2022ರ ಜೂನಿನಲ್ಲಿ ಪ್ರಧಾನಿಯವರಿಂದ ಶಂಕುಸ್ಥಾಪನೆ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು. ಎಷ್ಟು ಚೆಂದದ ಹೆಸರುಗಳು! ಮಾಡಬೇಕಾದದ್ದು ಕೆ-ರೈಡ್, ಅದೂ ಜಂಟಿ ಕಂಪನಿಯೇ, ರಾಜ್ಯದ್ದು ಶೇ 51, ರೈಲ್ವೆ ಇಲಾಖೆಯದ್ದು ಶೇ 49. ಹಳಿ ಹಾಕಬೇಕಾದ ಜಾಗ ಬಹುಪಾಲು ರೈಲ್ವೆಯದು, ಉಳಿದ ಭೂಸ್ವಾಧೀನ ರಾಜ್ಯದ್ದು. ಈ ಕಂಪನಿಯ ಮುಖ್ಯಸ್ಥರು ಐಎಎಸ್ ಅಧಿಕಾರಿಯಾಗಿರಬೇಕೋ ರೈಲ್ವೆ ಅಧಿಕಾರಿಯಾಗಿರಬೇಕೋ ಎಂಬ ಹಗ್ಗಜಗ್ಗಾಟವನ್ನೇ ಎಷ್ಟು ಕಾಲ ಪತ್ರಿಕೆಗಳಲ್ಲಿ ಓದಿದೆವು. ಯಶವಂತಪುರ, ಚಿಕ್ಕಬಾಣಾವರ, ಹೀಲಲಿಗೆ ಕಡೆಯ ಜನ ಹೆಸರುಗಳನ್ನು ಮಾತ್ರ ಕೇಳಿಕೊಂಡಿದ್ದಾರೆ.

ಎಲಿಜಬೆತ್ ಲೈನನ್ನು ಕಟ್ಟಿದ್ದೂ ಹೀಗೆ ಜಂಟಿಯಾಗಿಯೇ ಎಂಬುದನ್ನು ನಮ್ಮವರು ಗಮನಿಸಬೇಕು. ಕ್ರಾಸ್‌ರೈಲ್ ಎಂಬ ಆ ಯೋಜನೆಗೆ ಇಲ್ಲಿಯ ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ ಮತ್ತು ನಗರದ ಸಂಸ್ಥೆ ಇಬ್ಬರೂ ಜೊತೆ ಯಜಮಾನರು. 2018ರ ಡಿಸೆಂಬರಿನಲ್ಲಿ ತೆರೆಯಬೇಕಿತ್ತು. ಕೆಲವೇ ತಿಂಗಳಿಗೆ ಮುಂಚೆ ಆಗುವುದಿಲ್ಲ ಎಂದರು. ಯಾರಿಗೆ ಯಾವಾಗ ಗೊತ್ತಿತ್ತು ಎಂದು ಇಲ್ಲೂ ಕೆಸರೆರಚಾಟ ಆಯಿತು. 2020ರಲ್ಲಿ ಆ ಜಂಟಿ ಉಸ್ತುವಾರಿಯನ್ನು ಬಿಡಿಸಿ ನಗರದ ಸಂಸ್ಥೆಯೊಂದಕ್ಕೇ ವಹಿಸಿದರು. 2022ರ ಮೇ 24ರಂದು ರೈಲು ಓಡಿತು. ಕಟ್ಟುವಾಗ ದುಡ್ಡು ಹಾಕುವವರು ಹತ್ತು ಜನ ಇರಲಿ, ತೊಂದರೆಯಿಲ್ಲ. ಓಡಿಸುವ ಹೊತ್ತಿಗೆ ಕೇಳಿದರೆ ಉತ್ತರ ಕೊಡುವವರು ಒಬ್ಬರು ಇರಬೇಕು. ನನ್ನ ವಾದವೆಲ್ಲ ಇಷ್ಟೇ. ಅವರು ಆ ಊರಿನವರಾಗಿರಬೇಕು, ಆ ಊರಿನ ಜನ ಆರಿಸಿದವರಾಗಿರಬೇಕು.

ಇಲ್ಲಿಯೇ ಬೆಂಗಳೂರಿನ ನಿಜವಾದ ನೋವಿರುವುದು. ನಮ್ಮ ಮೇಯರ್ ಹುದ್ದೆ ಒಂದು ವರ್ಷದ್ದಾಗಿತ್ತು. ಒಬ್ಬರಿಗೆ ಹೂಮಾಲೆ ಹಾಕಿ ಮುಗಿಯುವಷ್ಟರಲ್ಲಿ ಇನ್ನೊಬ್ಬರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೆಟ್ರೊ, ಬಸ್ಸು, ಉಪನಗರ ರೈಲು ಎಲ್ಲವನ್ನೂ ಒಂದು ಸೂರಿನಡಿ ತರಲು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಆಯಿತು. ಅದರ ಅಧ್ಯಕ್ಷರು ಮುಖ್ಯಮಂತ್ರಿಗಳೇ. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯವನ್ನು ನೋಡಬೇಕಾದವರು ಕಾರ್ಪೊರೇಷನ್ ಸರ್ಕಲ್ಲಿನ ಬಸ್ ನಿಲ್ದಾಣವನ್ನೂ ನೋಡಬೇಕು ಎಂದರೆ ಅದು ಆಗುವ ಮಾತೇ?

ಇದನ್ನೆಲ್ಲ ಹುಬ್ಬಳ್ಳಿಯ ಒಬ್ಬ ಗೆಳೆಯರ ಹತ್ತಿರ ಹೇಳಿಕೊಂಡೆ. ವಾಕ್ಸ್‌ಹಾಲ್ ಸೇತುವೆ ಕಡೆ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಬಸವ ಜಯಂತಿಯಂದು ಹಾರ ಹಾಕಿ ನಿಂತಿದ್ದೆವು. ಅವರಿರುವುದು ನದಿಯ ದಕ್ಷಿಣಕ್ಕೆ, ಕ್ರಾಯ್ಡನ್ ಆಚೆ. ಪೂರ್ತಿ ಕೇಳಿಸಿಕೊಂಡು ಅವರೆಂದರು: "ನಿಮ್ ಲೈನ್ ಬಿಡ್ರಿ. ನಮ್ ಕಡೆ ಬಂದ್ ನೋಡ್ರಿ. ನಾವ್ ಯಾರಿಗೆ ಕೇಳೂಣು?"

ಅವರ ಮಾತನ್ನು ತಳ್ಳಿಹಾಕಲು ಆಗಲಿಲ್ಲ. ದಕ್ಷಿಣ ಲಂಡನ್ನಿನಲ್ಲಿ ಟ್ಯೂಬ್ ಬಲು ಕಡಿಮೆ. ಅಲ್ಲಿಯ ಜನ ನೆಚ್ಚಿಕೊಂಡಿರುವ ಉಪನಗರ ರೈಲುಗಳು ಬಹುಪಾಲು ಮೇಯರ್ ಕೈಯಲ್ಲಿಲ್ಲ, ಕೇಂದ್ರದ ಸಾರಿಗೆ ಇಲಾಖೆಯ ಕೆಳಗಿವೆ. 2007ರಲ್ಲಿ ಉತ್ತರ ಲಂಡನ್ನಿನ ಸೊರಗಿದ್ದ ಕೆಲವು ಮಾರ್ಗಗಳನ್ನು ನಗರಕ್ಕೆ ಕೊಟ್ಟು ಓವರ್‌ಗ್ರೌಂಡ್ ಎಂದು ಹೆಸರಿಟ್ಟಾಗ ಅವು ಚಿಗುರಿದ್ದನ್ನು ಎಲ್ಲರೂ ನೋಡಿದ್ದರು. ದಕ್ಷಿಣದ್ದನ್ನೂ ಹಾಗೇ ಕೊಡೋಣ ಎಂದು 2016ರ ಜನವರಿಯಲ್ಲಿ ಎರಡೂ ಕಡೆಯವರು ಸೇರಿ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್ ಕೊಡುವುದಿಲ್ಲ ಎಂದರು. ಅಷ್ಟರಲ್ಲಿ ಮೇಯರ್ ಬೇರೆ ಪಕ್ಷದವರಾಗಿದ್ದರು. ಎದುರು ಪಕ್ಷದ ಮೇಯರ್ ಕೈಗೆ ಈ ರೈಲುಗಳು ಹೋಗಬಾರದು ಎಂಬ ಅರ್ಥದಲ್ಲಿ ಗ್ರೇಲಿಂಗ್ 2013ರಲ್ಲೇ ಬರೆದಿದ್ದ ಪತ್ರವೂ ಹೊರಬಿತ್ತು. ದೆಹಲಿ, ಬೆಂಗಳೂರಿನ ಎಳೆದಾಟ ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟ್ಯೂಬಿನ ವಿಷಯದಲ್ಲೂ ಲಂಡನ್ ಸಲೀಸಾಗಿ ಕಲಿಯಲಿಲ್ಲ. 2003ರ ಹೊತ್ತಿಗೆ ರೈಲು ಓಡಿಸುವುದನ್ನು ಸಾರ್ವಜನಿಕ ಸಂಸ್ಥೆಯಲ್ಲೇ ಇಟ್ಟು, ಹಳಿ, ಸಿಗ್ನಲ್, ಗಾಡಿಗಳ ನಿರ್ವಹಣೆಯನ್ನು ಮೂವತ್ತು ವರ್ಷದ ಕರಾರಿನಲ್ಲಿ ಮೆಟ್ರೊನೆಟ್, ಟ್ಯೂಬ್ ಲೈನ್ಸ್ ಎಂಬ ಖಾಸಗಿ ಕೂಟಗಳಿಗೆ ಕೊಟ್ಟಿದ್ದರು. ಅಂದಿನ ಮೇಯರ್ ಬೇಡವೆಂದು ಕೋರ್ಟಿಗೆ ಹೋದರೂ ಕೇಂದ್ರ ಕೇಳಲಿಲ್ಲ. ಮೆಟ್ರೊನೆಟ್ 2007ರಲ್ಲಿ ಮುಳುಗಿತು, 2010ರಲ್ಲಿ ಟ್ಯೂಬ್ ಲೈನ್ಸನ್ನು ನಗರವೇ ಕೊಂಡುಕೊಂಡಿತು. ಎಷ್ಟೋ ದುಡ್ಡು ಸುರಿದ ಮೇಲೆ ಎಲ್ಲಿ ಗೆರೆ ಎಳೆಯಬಾರದು ಎಂಬುದು ಗೊತ್ತಾಯಿತು. ಕೋವಿಡ್ ಬಂದಾಗ ಟಿಕೆಟ್ ದುಡ್ಡನ್ನೇ ನೆಚ್ಚಿಕೊಂಡಿದ್ದ ನಗರದ ಸಂಸ್ಥೆ ಕೇಂದ್ರದ ಮುಂದೆ ಕೈಯೊಡ್ಡಬೇಕಾಯಿತು, ದುಡ್ಡಿನ ಜೊತೆ ಷರತ್ತುಗಳೂ ಬಂದವು.

ಇನ್ನು ನನ್ನದೇ ಸ್ಲೌ. ಇದು ಲಂಡನ್ ಗಡಿಯಾಚೆ, ಬರ್ಕ್‌ಷೈರ್ ಕೌಂಟಿ. ರೈಲು ಅದೇ ನೇರಳೆ, ಆದರೆ ವೆಸ್ಟ್ ಡ್ರೇಟನ್ ಸ್ಟೇಷನ್ ದಾಟಿದರೆ ಲಂಡನ್ನಿನ ಪ್ರಯಾಣದ ಕಾರ್ಡಾದ ಆಯ್ಸ್ಟರ್ ನಡೆಯುವುದಿಲ್ಲ, ಬ್ಯಾಂಕ್ ಕಾರ್ಡೇ ಆಗಬೇಕು. ಹೊಸಬರು ಅಲ್ಲಿ ಪರದಾಡುತ್ತಾರೆ. ನಾನು ಇಷ್ಟು ಹೊಗಳಿದ ಆ ಮೇಯರನ್ನು ಆರಿಸುವ ಮತವೂ ನನಗಿಲ್ಲ. ಕ್ರಾಯ್ಡನ್ ಆಚೆಯ ಗೆಳೆಯರಿಗೆ ಮತ ಇದೆ, ಮನೆಯ ಹತ್ತಿರ ಮೇಯರ್ ಓಡಿಸುವ ರೈಲು ಇಲ್ಲ. ನನಗೆ ರೈಲು ಇದೆ, ಮತ ಇಲ್ಲ.

ಬೆಂಗಳೂರಿನ ಪರವಾಗಿಯೂ ಕೆಲವು ಹೇಳಲೇಬೇಕು. ನಮ್ಮ ಮೆಟ್ರೊದಲ್ಲಿ ಹಳಿ, ಸಿಗ್ನಲ್, ಗಾಡಿ, ಸ್ಟೇಷನ್, ಓಡಿಸುವುದು ಎಲ್ಲ ಒಂದೇ ಸಂಸ್ಥೆಯ ಕೈಯಲ್ಲಿದೆ. ಲಂಡನ್ ಮೆಟ್ರೊನೆಟ್ಟಿನಲ್ಲಿ ಮಾಡಿದ ತಪ್ಪನ್ನು ನಾವು ಮಾಡಿಲ್ಲ. ಆ ಒಂದು ಸಂಸ್ಥೆಯೊಳಗೆ ಕೆಲಸ ಚೊಕ್ಕವಾಗಿದೆ. ಸ್ಟೇಷನ್ನುಗಳು ಇಲ್ಲಿಯ ಎಷ್ಟೋ ಹಳೆಯ ಟ್ಯೂಬ್ ಸ್ಟೇಷನ್ನುಗಳಿಗಿಂತ ಶುಚಿ, ಹಳದಿ ಮಾರ್ಗ ತೆರೆದ ಮೇಲೆ ಒಂದೇ ದಿನ 10 ಲಕ್ಷಕ್ಕಿಂತ ಹೆಚ್ಚು ಜನ ಓಡಾಡಿದ್ದಾರೆ. 90 ರೂಪಾಯಿಗೆ ಇಲ್ಲಿ ಬಸ್ಸೂ ಹತ್ತಲಾಗುವುದಿಲ್ಲ. ಹೊಣೆ ಹಂಚುವುದೇ ಕೆಟ್ಟದ್ದೂ ಅಲ್ಲ. ನಮ್ಮಲ್ಲಿ ಹೊಸ ಮಾರ್ಗ ಶುರುವಾಗುವ ಮುಂಚೆ ಬಂದು ಪರೀಕ್ಷೆ ಮಾಡುವ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಮೆಟ್ರೊದವರೂ ಅಲ್ಲ, ರೈಲ್ವೆ ಇಲಾಖೆಯವರೂ ಅಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ರೈಲು ಓಡಿಸುವವರ ಮುಲಾಜು ಸುರಕ್ಷತೆ ನೋಡುವವರಿಗೆ ಇರಬಾರದು ಎಂದು ಯಾರೋ ತಿಳಿದವರು ಬೇಕೆಂದೇ ಮಾಡಿದ ಹಂಚಿಕೆ ಅದು. ಅಂಥ ಬುದ್ಧಿ ನಮ್ಮಲ್ಲಿ ಇಲ್ಲವೆಂದಲ್ಲ.

ಮೊನ್ನೆ ಫೋನಿನಲ್ಲಿ ಭಾವನಿಗೆ ಇದನ್ನೆಲ್ಲ ಹೇಳಿದೆ. "ನೀನು ಅಲ್ಲಿ ಕೂತು ಹೇಳ್ತೀಯ, ಇಲ್ಲಿ ಕೇಂದ್ರ ತನ್ನ ಪಾಲು ಬಿಡುತ್ತಾ?" ಎಂದರು. ಬಿಡಬೇಕಾಗಿಲ್ಲ ಭಾವ, ಪಾಲು ಅವರದೇ ಇರಲಿ ಎಂದೆ. ನಾನು ಕೇಳುವುದು ಇಷ್ಟು. 2002ರ ಕಾಯ್ದೆಗೆ ಒಂದು ತಿದ್ದುಪಡಿ ತಂದು, ದರದ ಬಗ್ಗೆ ಸಮಿತಿ ಸಲಹೆ ಕೊಡಲಿ, ಕೊನೆಯ ಸಹಿ ಬೆಂಗಳೂರಿನ ಸಾರಿಗೆ ಪ್ರಾಧಿಕಾರದ್ದಾಗಲಿ. ಆ ಪ್ರಾಧಿಕಾರದ ತಲೆಯ ಮೇಲೆ ಬೆಂಗಳೂರಿಗರು ನೇರವಾಗಿ ಆರಿಸಿದ, ಐದು ವರ್ಷ ಕೂರುವ ಒಬ್ಬರು ಇರಲಿ. ರೈಲ್ವೆ, ಮೆಟ್ರೊ, ಬಸ್ಸು ಕೂಡುವ ಪ್ರತಿಯೊಂದು ಜಾಗಕ್ಕೂ, ಎಸ್ಕಲೇಟರಿನಿಂದ ಹಿಡಿದು ಬೀದಿದೀಪದವರೆಗೆ, ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಫೋನ್ ನಂಬರನ್ನು ಅಲ್ಲೇ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಮೊದಲನೆಯದಕ್ಕೆ ಸಂಸತ್ತು ಬೇಕು, ಎರಡನೆಯದಕ್ಕೆ ವಿಧಾನಸೌಧ ಸಾಕು. ಮೂರನೆಯದಕ್ಕೆ ಒಂದು ಸುತ್ತೋಲೆ ಮತ್ತು ಒಂದು ಡಬ್ಬಿ ಬಣ್ಣ ಇದ್ದರಾಯಿತು, ಅದನ್ನು ಬೈಯಪ್ಪನಹಳ್ಳಿಯಿಂದ ಈ ತಿಂಗಳೇ ಶುರು ಮಾಡಬಹುದು.